ನಿನ್ನ ಎಡ, ನನ್ನ ಎಡ

ಅಪ್ಪನ ಲಾರಿ ಶೆಡ್ಡು ಅರಸೀಕೆರೆಯಲ್ಲಿ ಹಾಸನದ ರಸ್ತೆ ಹಿಡಿಯುವ ಕಡೆ, ಹುಣಸೆಮರದ ಕೆಳಗಿತ್ತು. ಶೆಡ್ಡು ಎನ್ನುವುದು ಮರ್ಯಾದೆಗೆ ಹೇಳುವ ಮಾತು. ನಾಲ್ಕು ಕಂಬ, ಮೇಲೆ ತಗಡು, ಮಿಕ್ಕದ್ದೆಲ್ಲ ಮರದ ನೆರಳು. ಬೇಸಿಗೆ ರಜೆಯ ಮಧ್ಯಾಹ್ನ ಅಲ್ಲಿ ಕೂತರೆ ಹೊತ್ತು ಕರಗಿದ್ದೇ ತಿಳಿಯುತ್ತಿರಲಿಲ್ಲ. ಮಂಡಿಗಳ ಕಡೆಯಿಂದ ಕೊಬ್ಬರಿಯ ವಾಸನೆ ತೇಲಿ ಬರುತ್ತಿತ್ತು. ಜಂಕ್ಷನ್ನಿನಲ್ಲಿ ಇಂಜಿನ್ನುಗಳು ನಿದ್ದೆಗಣ್ಣಿನಲ್ಲಿ ಕೂಗಿಕೊಳ್ಳುತ್ತಿದ್ದವು. ನಾನಾಗ ಊರಿನ ಮಿಡ್ಲ್ ಸ್ಕೂಲಿನಲ್ಲಿ ಟೀಚರು. ಓದಿದ ಹೆಣ್ಣು ಹೋಗಿ ಗ್ರೀಸಿನ ನಡುವೆ ಕೂರುತ್ತಾಳಲ್ಲ ಎಂದು ಅಕ್ಕಪಕ್ಕದವರು ಮೂಗು ಮುರಿಯುತ್ತಿದ್ದರು. ಅವರ ಮೂಗು, ಅವರೇ ಮುರಿದುಕೊಳ್ಳಲಿ ಎಂದು ನಾನು ಹೋಗಿ ಕೂರುತ್ತಲೇ ಇದ್ದೆ.

ಕೂರುತ್ತಿದ್ದುದಕ್ಕೆ ಕಾರಣವಿತ್ತು. ಅಪ್ಪನ ಕಣ್ಣು ಮಂಜಾಗುತ್ತಾ ಬಂದು, ಎದುರಿಗಿದ್ದದ್ದೆಲ್ಲ ಬರೀ ನೆರಳಾಗಿತ್ತು. ಇದು ಗೊತ್ತಿದ್ದದ್ದು ಅಮ್ಮನಿಗೆ ಮತ್ತು ನನಗೆ ಮಾತ್ರ. ಬೆರಳಿಟ್ಟರೆ ಸಾಕು, ಯಾವ ನಟ್ಟಿಗೆ ಯಾವ ಸ್ಪ್ಯಾನರ್ ಎಂದು ಅವರ ಕೈಗೆ ತಿಳಿಯುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಆದರೆ ಕಾಣದ ಮೇಸ್ತ್ರಿಯ ಮುಂದೆ ಯಾರು ತಾನೆ ಲಾರಿ ನಿಲ್ಲಿಸುತ್ತಾರೆ? "ಜನಕ್ಕೆ ಗೊತ್ತಾದ ದಿನ ಸ್ಪ್ಯಾನರ್ ಕೆಳಗಿಟ್ಟೆ ಅಂತ್ಲೇ ತಿಳ್ಕೊ ಕಣವ್ವ" ಎಂದು ಅಪ್ಪ ಹೇಳಿದ್ದರು. ಕೆಲಸವಿಲ್ಲದ ಅಪ್ಪನನ್ನು ನೆನೆಸಿಕೊಂಡರೇ ನನಗೆ ಭಯವಾಗುತ್ತಿತ್ತು.

ಆ ಬೇಸಿಗೆಯಲ್ಲಿ ಗಂಡಸಿಯ ತೆಂಗಿನ ತೋಟದ ಯಜಮಾನರೊಬ್ಬರ ಲಾರಿ ಬಂತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಹಳೆಯ ಗಾಡಿ. ಬೇಲೂರಿಗೆ ಕಾಯಿ ಹೇರಿಕೊಂಡು ಹೋಗುವಾಗ ಹಳೇಬೀಡಿನ ಹತ್ತಿರ ಅದರ ಹಿಂದಿನ ಅಚ್ಚು ಮುರಿದಿತ್ತು. ಅಂಥದೇ ಇನ್ನೊಂದು ಸತ್ತ ಲಾರಿ ನಮ್ಮ ಶೆಡ್ಡಿನ ಹಿಂದೆ ಬಿದ್ದಿತ್ತು, ಅಮ್ಮ ಅದರ ಮೇಲೆ ಹಾಗಲಬಳ್ಳಿ ಹಬ್ಬಿಸಿದ್ದಳು. ಬಳ್ಳಿ ಸರಿಸಿ ಅದರ ಅಚ್ಚನ್ನು ಇಳಿಸಿ ಇದಕ್ಕೆ ಹಾಕುವುದೆಂದಾಯಿತು.

ಆ ಅಚ್ಚಿನ ನಡುವೆ, ಎರಡು ಬಟ್ಟಲನ್ನು ಬಾಯಿಗೆ ಬಾಯಿ ಕೂಡಿಸಿಟ್ಟಂಥ ಒಂದು ಉಬ್ಬು. ಅದರೊಳಗೆ ಕ್ರೌನು ಎನ್ನುವ ದೊಡ್ಡ ಹಲ್ಲುಗಾಲಿ. ಇಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ಶಾಫ್ಟು ಆ ಕ್ರೌನನ್ನು ತಿರುಗಿಸಿದರೆ ಚಕ್ರ ತಿರುಗುತ್ತದೆ. ಕ್ರೌನು ಎರಡು ಬಟ್ಟಲಿನಲ್ಲಿ ಯಾವುದರಲ್ಲಿ ಬೇಕಾದರೂ ಕೂತುಬಿಡುತ್ತದೆ. ಆದರೆ ಅದರ ಜಾಗ ಒಂದೇ. ಅದಕ್ಕೇ ಬಿಚ್ಚುವ ಮೊದಲು ಅಪ್ಪ ನನ್ನ ಕೈಯಲ್ಲಿ, ಸ್ಕೂಲಿನ ಸೀಮೆಸುಣ್ಣದಲ್ಲಿ, ಕ್ರೌನಿದ್ದ ಕಡೆಗೆ ಒಂದು ಗೀಟು ಹಾಕಿಸಿದರು.

ಒಳಗಿನದೆಲ್ಲ ತೊಳೆದು, ಬೇರಿಂಗು ಬದಲಾಯಿಸಿ, ಮತ್ತೆ ಕೂಡಿಸುವ ಹೊತ್ತಿಗೆ ಯಜಮಾನರೂ ಅವರ ಡ್ರೈವರೂ ಬಂದು ಪಕ್ಕದಲ್ಲೇ ನಿಂತರು. ಅಪ್ಪ ಅಚ್ಚಿನ ಆ ಮಗ್ಗುಲಿಗೆ ಕೂತಿದ್ದರು, ನಾನು ಈ ಮಗ್ಗುಲಿಗೆ, ಅವರ ಎದುರಿಗೆ. ಸೀಮೆಸುಣ್ಣದ ಗೀಟು ಬೆರಳಿಗೆ ಸಿಕ್ಕುವುದಿಲ್ಲವಲ್ಲ. ಅಪ್ಪ ತಲೆಯೆತ್ತದೆ, ಕೆಮ್ಮಿನ ಜೊತೆಗೆ ಸೇರಿಸಿ, "ಯಾವ ಕಡೆ?" ಎಂದರು. ನಾನು ತುಟಿ ಅಲ್ಲಾಡಿಸದೆ, "ಎಡ" ಎಂದೆ.

ಮರುದಿನ ಮಧ್ಯಾಹ್ನ ಲಾರಿ ತಯಾರಾಯಿತು. ಮೂತಿ ರಸ್ತೆಗೆ, ಬೆನ್ನು ನಮ್ಮ ಕಡೆಗೆ. ಡ್ರೈವರು ನಿಂಬೆಹಣ್ಣನ್ನು ಚಕ್ರದಡಿ ಇಟ್ಟು ಹತ್ತಿ ಕೂತ. ಅಪ್ಪ ಲಾರಿಯ ಹಿಂದೆ ನಿಂತು ಕಿವಿ ವಾಲಿಸಿದರು. ಗೇರು ಬಿತ್ತು. ಒಂದು ಕರಕರ ಇಲ್ಲ, ಒಂದು ಗೊರಗೊರ ಇಲ್ಲ, ಜೇನುಗೂಡಿನ ಹಾಗೆ ಹದವಾದ ಸದ್ದು. "ಕೇಳ್ದಾ, ಹೆಂಗೆ ಹೋಯ್ತಾ ಐತೆ!" ಎಂದು ಅಪ್ಪ ಕಣ್ಣು ಅರೆಮುಚ್ಚಿ ನಕ್ಕರು.

ಲಾರಿ ಹೋಗುತ್ತಿರಲಿಲ್ಲ, ಬರುತ್ತಿತ್ತು. ಹುಣಸೆ ಎಲೆಗಳ ಬಿಸಿಲು ಅದರ ಬೆನ್ನ ಮೇಲೆ ಜಾರುತ್ತಿತ್ತು. ಅಷ್ಟು ದೊಡ್ಡ ಗಾಡಿ ಅಷ್ಟು ಮೆಲ್ಲಗೆ, ಬೇರೆ ಯಾರದೋ ಕನಸಿನಲ್ಲೆಂಬಂತೆ ಹಿಂದೆ ಹಿಂದಕ್ಕೆ ಬರುತ್ತಿತ್ತು. ಯಜಮಾನರು ಪಕ್ಕಕ್ಕೆ ಹಾರಿದರು. ಅಪ್ಪ ಒಬ್ಬರೇ ನಗುತ್ತಾ, ದೂರ ಹೋಗುವವರನ್ನು ಬೀಳ್ಕೊಡುವ ಹಾಗೆ ತಲೆ ಆಡಿಸುತ್ತಾ ನಿಂತಿದ್ದರು. ಅದು ಹೇಗೆ ಓಡಿದೆನೋ, ಅವರ ಅಂಗಿ ಹಿಡಿದು ಎಳೆದೆ, ಇಬ್ಬರೂ ತೆಂಗಿನ ಸಿಪ್ಪೆಯ ರಾಶಿಯ ಮೇಲೆ ಬಿದ್ದೆವು.

ಡ್ರೈವರು ಬ್ರೇಕು ಒತ್ತಿದ. ಗೊತ್ತಾಗದೆ ರಿವರ್ಸ್ ಹಾಕಿ ನೋಡಿದ. ಲಾರಿ ಠೀವಿಯಿಂದ ಮುಂದಕ್ಕೆ ಹೋಯಿತು. ಯಾರೂ ನಗಲಿಲ್ಲ. ಎಲ್ಲರೂ ಅಪ್ಪನ ಮುಖವನ್ನೇ ನೋಡುತ್ತಿದ್ದರು. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

"ಕ್ರೌನು ಆಚೆ ಕಡೆ ಕೂತೈತೆ, ಅದ್ಕೇ ಚಕ್ರ ಉಲ್ಟಾ ತಿರುಗ್ತಾ ಐತೆ," ಅಪ್ಪ ಸಿಪ್ಪೆಯ ಮೇಲೆ ಕೂತಲ್ಲಿಂದಲೇ ಹೇಳಿದರು. "ಎಡ ಅಂದ್ಯಲ್ಲವ್ವ. ನೀನು ಎದುರುಗಡೆ ಕೂತಿದ್ದೆ, ನಿನ್ನ ಎಡ ಅಂದ್ರೆ ನಂಗೆ ಬಲ ಅಂತ ತಿರುಗಿಸ್ಕೊಂಡೆ."

ನನಗೆ ಅಳು ಬಂತು, ಸಿಟ್ಟೂ ಬಂತು. ಸ್ಕೂಲಿನಲ್ಲಿ ಡ್ರಿಲ್ ಮಾಡಿಸುವಾಗ ಮಕ್ಕಳ ಎದುರು ನಿಂತು, ನನ್ನ ಬಲಗೈ ಎತ್ತಿ 'ಎಡಗೈ' ಎಂದು ಕೂಗಿ ಕೂಗಿ ನಾಲಿಗೆಗೆ ಅದೇ ಅಭ್ಯಾಸವಾಗಿತ್ತು. "ನಾನಂದದ್ದು ನಿನ್ನ ಎಡ ಕಣಪ್ಪ. ನಾನಾಗಲೇ ತಿರುಗಿಸ್ಕೊಂಡೇ ಹೇಳಿದ್ದೆ!" ಎಂದು ಕಿರುಚಿಬಿಟ್ಟೆ. ನಾನು ಅವರ ಕಡೆಯಿಂದ ನೋಡಿದ್ದೆ, ಅವರು ನನ್ನ ಕಡೆಯಿಂದ ನೋಡಿದ್ದರು.

ಅಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲದ ಮೇಲೆ ಇಟ್ಟರು. ಸಣ್ಣದೊಂದು ಸದ್ದಾಯಿತು. ಅವರು ಹೇಳಿದ್ದ ಆ ದಿನ ಬಂದುಬಿಟ್ಟಿತ್ತು.

ಯಜಮಾನರು ಪಂಚೆಯ ಧೂಳು ಕೊಡವಿಕೊಂಡು ಬಂದು, ಬಗ್ಗಿ, ಆ ಸ್ಪ್ಯಾನರ್ ಎತ್ತಿ ಮತ್ತೆ ಅಪ್ಪನ ಕೈಗಿಟ್ಟರು. "ಬೆಳಿಗ್ಗೆ ಬಿಚ್ಚಿ ಸರಿಯಾಗಿ ಕೂರ್ಸು ಮೇಸ್ತ್ರಿ. ಇಂಥಾ ಸದ್ದು ಇನ್ಯಾರ ಕೈಲಿ ಬತ್ತದೆ?" ಎಂದರು. ನನ್ನ ಕಡೆ ತಿರುಗಿ, "ಟೀಚರಮ್ಮ, ಎದುರುಗಡೆ ಕೂರ್ಬ್ಯಾಡಿ. ಪಕ್ಕದಲ್ಲಿ ಕೂತ್ಕಳಿ" ಎಂದರು.

ಬೆಳಿಗ್ಗೆ ನಾನು ಅಪ್ಪನ ಭುಜಕ್ಕೆ ಭುಜ ತಾಗಿಸಿ ಕೂತೆ. ಎಡವೆಂದರೆ ಇಬ್ಬರಿಗೂ ಒಂದೇ ಎಡವಾಗಿತ್ತು. ಸಂಜೆಯ ಹೊತ್ತಿಗೆ ಲಾರಿ ಹೊರಟಿತು. ಯಜಮಾನರು, ಡ್ರೈವರು, ಚಹಾದ ಅಂಗಡಿಯವರು, ಎಲ್ಲರೂ ಇದ್ದರು. ಅಷ್ಟು ಜನರ ಮುಂದೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಅಪ್ಪ ದೊಡ್ಡ ದನಿಯಲ್ಲೇ ನನ್ನನ್ನು ಕೇಳಿದರು:

"ಎತ್ಲಾಗೆ ಹೋಯ್ತಾ ಐತೆ, ನೋಡಿ ಹೇಳವ್ವ."

"ಮುಂದಕ್ಕೇ ಅಪ್ಪ," ಎಂದೆ.