ಮೇಷ್ಟ್ರ ಹೆಜ್ಜೆ ವಾಚು
ಹೊಳಲಿನ ಡ್ರಿಲ್ ಮೇಷ್ಟ್ರು ಮರಿಸಿದ್ದಯ್ಯ ರಿಟೈರಾದ ಮೇಲೆ ಹೆಜ್ಜೆ ಎಣಿಸೋ ವಾಚು ಕಟ್ಟಿಕೊಂಡು ನಾಲೆ ಏರಿ ಮೇಲೆ ದಿನಾ ಹತ್ತು ಸಾವಿರ ಹೆಜ್ಜೆ ಹಾಕುತ್ತಿದ್ದರು. ನೂರು ಕಡಿಮೆ ಬಿದ್ದರೆ ತಿಪ್ಪೆ ಸುತ್ತಿಯಾದರೂ ತುಂಬಿಸುತ್ತಿದ್ದರು. ಎದುರು ಸಿಕ್ಕವರಿಗೆಲ್ಲ, 'ಎಡಗೈಗೆ ಬಿಗಿಯಾಗಿ ಕಟ್ಲಾ, ಕೈ ಬೀಸ್ಕಂಡು ನಡಿಲಾ' ಅನ್ನೋ ಪಾಠ. ಒಂದಿನ ಹೆಂಡತಿ ದೇವಿರಮ್ಮನ ಕೈಗೂ ಕಟ್ಟಿ ನೋಡಿದರು. ಆಕೆ ಮುದ್ದೆ ತಿರುವಿದ್ದನ್ನು ವಾಚು ನಡಿಗೆ ಅಂದುಕೊಂಡಿತು. ಎರಡೂ ಕೈಲಿ ತಲೆಹೊರೆ ಹಿಡಿದು ಗದ್ದೆಯಿಂದ ಹುಲ್ಲು ಹೊತ್ತು ತಂದದ್ದನ್ನು ಎಣಿಸಲೇ ಇಲ್ಲ. 'ನೀ ನಡಿಯೋದೇ ಇಲ್ಲ ಕಣಮ್ಮಿ' ಎಂದು ವರ್ಷವೆಲ್ಲ ಆಡಿಕೊಂಡರು. ಕೈ ಬೀಸದವರು ವಾಚನ್ನು ಕಾಲಿಗೆ ಕಟ್ಟಬೇಕೆಂದು ಮೇಷ್ಟ್ರಿಗೆ ತಿಳಿಯುವಷ್ಟರಲ್ಲಿ ಆಕೆಯ ಮಂಡಿ ಸವೆದಿತ್ತು. ಈಗ ಆ ವಾಚು ದೇವಿರಮ್ಮನ ಕಾಲಲ್ಲಿದೆ. ಮೇಷ್ಟ್ರ ಹೆಗಲು ಹಿಡಿದು ಮಂಚದಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ. ವಾಚು ಒಂದನ್ನೂ ಬಿಡದೆ ಎಣಿಸುತ್ತದೆ.