ಕಂಬ ಹತ್ತಿದ ಗೆಳತಿ

ರಾಣೆಬೆನ್ನೂರಿನ ಐಟಿಐನ ಎಲೆಕ್ಟ್ರಿಷಿಯನ್ ವಿಭಾಗದಲ್ಲಿ ನಾವಿಬ್ಬರೇ ಹುಡುಗಿಯರು. ನಾನು ಹಲಗೇರಿಯವಳು, ನನ್ನ ಗೆಳತಿ ಐರಣಿಯವಳು. ನಮ್ಮ ಓಣಿಯ ಉಳಿದ ಹುಡುಗಿಯರೆಲ್ಲ ಹೊಲಿಗೆ ಕಲಿಯಲು ಹೋಗುತ್ತಿದ್ದರು. ನನ್ನನ್ನು ಅಪ್ಪ ಇಲ್ಲಿ ಸೇರಿಸಿದ್ದ. ಅವಳು ತಾನೇ ಹಟ ಹಿಡಿದು ಸೇರಿದವಳು. ಸುಟ್ಟ ಮೋಟರಿನ ತಂತಿ ಬಿಚ್ಚಿ ಹೊಸದು ಸುತ್ತಲು ಕೂತರೆ ಅವಳಿಗೆ ಊಟದ ನೆನಪೂ ಇರುತ್ತಿರಲಿಲ್ಲ.

ಕಂಬ ಹತ್ತುವ ಪಾಠದ ದಿನ ಸರ್ ನಮ್ಮಿಬ್ಬರನ್ನು ಪಕ್ಕಕ್ಕೆ ಕೂರಿಸಿದರು. "ನೀವು ನೋಡ್ರವಾ, ಸಾಕು. ಬಿದ್ದುಗಿದ್ರ ನಾಳೆ ನಿಮ್ಮನ್ನ ಲಗ್ನ ಆಗವ್ರು ಯಾರು?"

ಹುಡುಗರು ನಕ್ಕರು. ಅವಳು ಎದ್ದು, "ಪರೀಕ್ಷಾದಾಗ ನಮಗೂ ಇದನ್ನ ಕೇಳ್ತಾರಲ್ರಿ ಸರ್" ಎಂದವಳೇ ವೇಲನ್ನು ಸೊಂಟಕ್ಕೆ ಬಿಗಿದು, ಬೆಲ್ಟ್ ಹಾಕಿಕೊಂಡು ಹತ್ತಿಬಿಟ್ಟಳು. ತುದಿಯಿಂದ ನನ್ನತ್ತ ಕೂಗಿದಳು: "ಇಲ್ಲಿಂದ ಎಲ್ಲಾ ಕಾಣ್ತೈತಲೇ!" ಅಷ್ಟು ಖುಷಿಯಲ್ಲಿ ಅವಳನ್ನು ನಾನು ಮತ್ತೆಂದೂ ನೋಡಲಿಲ್ಲ.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ವಿಡಿಯೊ ಐರಣಿ ಮುಟ್ಟಿತು, ಹೊಲಸು ಮಾತುಗಳ ಸಮೇತ. ಮರುದಿನದಿಂದ ಅವಳು ಬರಲಿಲ್ಲ.

ಅಪ್ಪನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅವಳ ತಂದೆ ಚಹಾ ಕೊಡಿಸಿ ಮೆಲ್ಲಗೆ ಅಂದರು: "ಆಕೀದೇನೂ ತಪ್ಪಿಲ್ರಿ, ನನಗೂ ಗೊತ್ತೈತಿ. ಆದ್ರ ಊರ ಬಾಯಿ ಹೆಂಗ ಮುಚ್ಚಲಿ?" ಅಪ್ಪ ಎಷ್ಟೋ ಹೇಳಿ ನೋಡಿದ. ಅವರು ಟವೆಲಿನಿಂದ ಮುಖ ಒರೆಸಿಕೊಂಡರೇ ಹೊರತು ಹೂಂ ಅನ್ನಲಿಲ್ಲ. ಅವಳು ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಅವಳನ್ನು ಹೊಲಿಗೆ ತರಬೇತಿಗೆ ಹಾಕಿದರು. ಅದು ಮುಗಿಯುವ ಮೊದಲೇ ಬ್ಯಾಡಗಿಗೆ ಮದುವೆ ಮಾಡಿಕೊಟ್ಟರು.

ನಾನು ಪಾಸಾದೆ. ಹಾವೇರಿಯಲ್ಲಿ ಮೋಟರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸವೂ ಸಿಕ್ಕಿತು. ನನ್ನ ಜೊತೆ ಕಲಿತ ಹುಡುಗರು ಒಳಗೆ ಮೋಟರ್ ಸುತ್ತುತ್ತಾರೆ, ನಾನು ಮುಂದೆ ಕೂತು ಫೋನ್ ಎತ್ತುತ್ತೇನೆ. ಒಳಗಿನ ಕೆಲಸ ಕೊಡಿ ಎಂದು ಕೇಳಿದಾಗಲೆಲ್ಲ ಮಾಲೀಕರದು ಒಂದೇ ಮಾತು: "ಆಮ್ಯಾಲೆ ನೋಡೂಣು ತಗೋವಾ."

ಕಳೆದ ಬೇಸಿಗೆಯಲ್ಲಿ ಬ್ಯಾಡಗಿಗೆ ಅವಳನ್ನು ಹುಡುಕಿಕೊಂಡು ಹೋದೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಘಾಟಿಗೆ ಕಣ್ಣು ಕೆಂಪಾಗಿದ್ದವು.

"ಮೋಟರ್ ಸುತ್ತಾಕ ಕೊಡ್ತಾರೇನ ನಿನಗ?" ನನ್ನ ಕೆಲಸದ ಸುದ್ದಿ ಅವಳಿಗೆ ಮುಟ್ಟಿತ್ತು; ಅದೇ ಅವಳ ಮೊದಲ ಮಾತು.

"ಇಲ್ಲವಾ. ಬರೇ ಫೋನ್ ಎತ್ತತೇನಿ."

ಅವಳ ಕೈ ನಿಂತಿತು. "ನೀನಾದ್ರೂ ಸುತ್ತಾಕತ್ತಿರ್ತಿ ಅಂತ ತಿಳ್ಕೊಂಡಿದ್ನಿ."

ನಾನು ಅವಳ ಪಕ್ಕದಲ್ಲೇ ಕೂತೆ. ಬಸ್ಸಿಗೆ ಹೊತ್ತಾದರೂ ಏಳಲು ಮನಸ್ಸಾಗಲಿಲ್ಲ.