ಬೀಗ ಹಾಕಿದ ಮನೆಯಲ್ಲಿ ಉಂಡವರು

ಎರಡು ವರ್ಷಗಳ ಹಿಂದಿನ ಆಟಿಯಲ್ಲಿ, ಅಂದರೆ ಆಷಾಢದ ಮಳೆಯ ತಿಂಗಳಲ್ಲಿ, ಮೆಲ್ಕಾರಿನ ನಮ್ಮ ಅಪಾರ್ಟ್‌ಮೆಂಟಿನ ಐದು ಮನೆಗಳ ಕೀಗಳು ನನ್ನ ಬಳಿ ಇದ್ದವು. ಗಲ್ಫಿನಲ್ಲಿರುವವರ ಖಾಲಿ ಮನೆಗಳನ್ನು ನೋಡಿಕೊಳ್ಳುವುದು ಗೃಹಿಣಿಯಾದ ನಾನು ಮಾಡಿದ ಒಂದೇ ಸಂಬಳದ ಕೆಲಸ. ವಾರಕ್ಕೊಮ್ಮೆ ಕಿಟಕಿ ತೆರೆಯಬೇಕು, ನಲ್ಲಿ ಬಿಡಬೇಕು, ಕಪಾಟಿನ ಬಟ್ಟೆಗೆ ಬೂಷ್ಟು ಹಿಡಿಯದಂತೆ ನೋಡಬೇಕು. ಒಂದೊಂದು ಕೀಗೆ ಒಂದೊಂದು ಬಣ್ಣದ ಉಲ್ಲನ್ ನೂಲು ಕಟ್ಟಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹೆಣಿಗೆ ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಮೂರನೇ ಮಾಳಿಗೆಯ ಹಸಿರು ನೂಲಿನ ಮನೆ ಜಯಂತಿ ಅಕ್ಕನದು. ನನಗೆ ದೂರದ ಸಂಬಂಧ; ಇರುವುದು ಮಸ್ಕತ್ತಿನಲ್ಲಿ. ಅವರ ತಾಯಿ ತೀರಿಕೊಂಡಾಗ ತಾಯಿ ಮಗಳ ನಡುವೆ ಮಾತು ನಿಂತಿತ್ತು. ಅಕ್ಕನಿಗೆ ಸಮಯಕ್ಕೆ ಬರಲೂ ಆಗಲಿಲ್ಲ.

ಆಟಿಯಲ್ಲಿ ಸತ್ತವರಿಗೆ ಎಲೆ ಬಡಿಸುವುದು ನಮ್ಮ ಕ್ರಮ. ಬಡಿಸಿ ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಉಣ್ಣುವವರಿಗೆ ಏಳಲು ತಿಳಿಯಲೆಂದು ಕೆಮ್ಮಿ, ಒಳಗೆ ಹೋಗಬೇಕು.

"ನನ್ನ ಲೆಕ್ಕದಲ್ಲಿ ನೀನೇ ಬಡಿಸು ಶೈಲಾ," ಎಂದರು ಅಕ್ಕ ಫೋನಿನಲ್ಲಿ. "ಎಲೆ ಮುಟ್ಟಿದ್ದಾರಾ ನೋಡು. ಅಮ್ಮನ ಸಿಟ್ಟು ಇಳಿದಿದೆಯಾ ಇಲ್ವಾ ಅಂತ ಗೊತ್ತಾದ್ರೆ ಸಾಕು."

ಬಡಿಸಿದ ಮಧ್ಯಾಹ್ನ ಕರೆಂಟ್ ಇರಲಿಲ್ಲ. ಖಾಲಿ ಹಾಲ್‌ನ ನೆಲದಲ್ಲಿ ಎಲೆ ಹಾಕಿ ಅನ್ನ, ಕೋಳಿ ಪದಾರ್ಥ, ನೀರು, ಬದಿಗೆ ವೀಳ್ಯ ಇಟ್ಟು ಬಾಗಿಲು ಎಳೆದುಕೊಂಡೆ. ಎಳೆದರೆ ತಾನೇ ಬೀಳುವ ಬೀಗ ಅದು. ಕೆಳಗೆ ವಾಚ್‌ಮನ್ ಕುರ್ಚಿಯಲ್ಲಿ ಅರ್ಧ ಗಂಟೆ ಕೂತು ಬಂದು, ಕೆಮ್ಮಿ, ತೆರೆದೆ.

ಎಲೆ ಖಾಲಿಯಾಗಿತ್ತು. ಕಿಟಕಿಗಳೆಲ್ಲ ಮುಚ್ಚಿಯೇ ಇದ್ದವು. ಎಲುಬುಗಳು ಎಲೆಯ ಅಂಚಿನಲ್ಲಿ ಒಂದರ ಪಕ್ಕ ಒಂದು ಜೋಡಿಸಿಟ್ಟಂತಿದ್ದವು. ಲೋಟದಲ್ಲಿ ನೀರಿರಲಿಲ್ಲ. ವೀಳ್ಯವೂ ಇರಲಿಲ್ಲ.

"ಬಂದ್ರಲ್ಲ ಮಾರಾಯ್ತಿ, ಅಮ್ಮ ಬಂದ್ರಲ್ಲ!" ಫೋನಿನಲ್ಲಿ ಅಕ್ಕ ಬಹಳ ಹೊತ್ತು ಅತ್ತರು.

ಮರುವಾರ ಆ ಮನೆಯ ಅಡುಗೆಕೋಣೆ ಒರೆಸುತ್ತಿದ್ದೆ. ಆಗಲೂ ಕರೆಂಟ್ ಇಲ್ಲ. ಬಾಗಿಲಲ್ಲಿ ಕಿರ್ರೆಂದು ಸದ್ದಾಯಿತು. ಬೀಗ ಹೊರಗಿನಿಂದ ತಿರುಗುತ್ತಿತ್ತು. ಹಸಿರು ನೂಲಿನ ಕೀ ನನ್ನ ಸೊಂಟದಲ್ಲಿತ್ತು.

ಬಕೆಟ್ ಹಿಡಿದ ಒಬ್ಬ ಒಳಗೆ ಬಂದ. "ಅಯ್ಯೋ, ಪುನಃ ತಪ್ಪಾಯ್ತು ಅಕ್ಕಾ!"

"ಪುನಃ ಅಂದ್ರೆ?"

ಮೇಲಿನ ಮನೆಗೆ ಟೈಲ್ಸ್ ಹಾಕಲು ಬಂದ ಬಿಹಾರದ ಮನೋಜ್. ಲಿಫ್ಟ್ ನಿಂತಾಗ ಮೆಟ್ಟಿಲು ಹತ್ತಿ ಒಂದು ಮಾಳಿಗೆ ಮೊದಲೇ ತಿರುಗಿದ್ದ.

"ಆ ದಿನ ನಂದು ಕೆಲಸ ಶುರು. ಊಟ ಇಟ್ಟಿತ್ತು, ಓನರ್ ನಂಗೇ ಇಟ್ಟಿದ್ದಾರೆ ಅಂತ ತಿಂದೆ. ಕೈ ತೊಳೆದು ನೆಲ ನೋಡಿದ್ರೆ ಟೈಲ್ಸ್ ಹಾಕಿ ಆಗಿದೆ! ಹೆದರಿ ಓಡಿದೆ."

ಯಾರಿಗೆ ಇಟ್ಟ ಊಟವೆಂದು ಹೇಳಿದಾಗ ಅವನು ಬಕೆಟ್ ಕೆಳಗಿಟ್ಟ. "ನಂಗೇನಾದ್ರೂ ಆಗ್ತದಾ?"

"ಆಗುವುದಿದ್ರೆ ಇಷ್ಟರಲ್ಲಿ ಆಗ್ತಿತ್ತು," ಎಂದೆ.

ನನ್ನದೂ, ಅವನ ಕೈಯಲ್ಲಿದ್ದ ಮೇಲಿನ ಮನೆಯದೂ, ಎರಡೂ ಕೀಗಳನ್ನು ಬೆಳಕಿಗೆ ಹಿಡಿದೆ. ಕೀಯ ಹಲ್ಲುಗಳು ಬೀಗದೊಳಗಿನ ಸಣ್ಣ ಪಿನ್‌ಗಳನ್ನು ಸರಿಯಾದ ಎತ್ತರಕ್ಕೆ ತಳ್ಳಿದರೆ ಬೀಗ ತಿರುಗುತ್ತದೆ. ಲೆಕ್ಕ ಹಾಕಿದರೆ ಸಾವಿರಾರು ಜೋಡಣೆಗಳು ಸಾಧ್ಯ. ಆದರೆ ಬಿಲ್ಡರ್ ಒಂದೇ ಲಾಟಿನಲ್ಲಿ ತಂದ ಅಗ್ಗದ ಬೀಗಗಳಲ್ಲಿ ಜೋಡಣೆಗಳೂ ಕಡಿಮೆ, ಪಿನ್‌ಗಳೂ ಸಡಿಲ. ಈ ಎರಡು ಕೀಗಳಲ್ಲಿ ಒಂದು ಹಲ್ಲು ಮಾತ್ರ ಕೂದಲೆಳೆಯಷ್ಟು ಬೇರೆ. ಕೆಳಗಿನ ಮನೆಯ ಟೀಚರನ್ನು ಕೇಳಿ ಅವರ ಬಾಗಿಲಿಗೂ ನನ್ನ ಕೀ ಹಾಕಿದೆ. ತಿರುಗಿತು. ಒಳಗೆ ನಿಂತಿದ್ದ ಟೀಚರ್ ಕೂಡಲೇ ಒಳಚಿಲಕ ಹಾಕಿಕೊಂಡರು.

ಬೀಗ ಬದಲಿಸಬೇಕಾದರೆ ಅಕ್ಕನಿಗೆ ಕಾರಣ ಹೇಳಲೇಬೇಕು. ಅವರ ಸಮಾಧಾನವನ್ನು ನಾನೇ ಕಿತ್ತುಕೊಂಡಂತೆ. ಆದರೂ ಹೇಳಿದೆ. ಎಲ್ಲ ಕೇಳಿ ಅಕ್ಕ, "ವೀಳ್ಯವನ್ನೂ ಅವನೇ ತಿಂದನಾ?" ಎಂದರು.

ಅದನ್ನು ಕೇಳಿರಲಿಲ್ಲ. ಮೇಲೆ ಹೋಗಿ ಕೇಳಿದೆ.

"ಇತ್ತು ಅಕ್ಕಾ, ಅಲ್ಲೇ ಬಿಟ್ಟೆ. ಸುಣ್ಣ ತಿಂದ್ರೆ ಬಾಯಿ ಸುಡ್ತದೆ."

ಅದನ್ನು ತಿಳಿಸಿದಾಗ ಅಕ್ಕ ನಿಧಾನಕ್ಕೆ ಹೇಳಿದರು: "ಅಮ್ಮನಿಗೆ ಊಟ ಯಾವಾಗಲೂ ಒಂದು ನೆಪ ಶೈಲಾ. ಬೇಕಾದದ್ದು ವೀಳ್ಯವೇ."

ಮನೋಜ್ ಹೆದರಿ ಸುಳ್ಳು ಹೇಳಿರಬಹುದು. ಈ ಬೀಗಕ್ಕೆ ಹೊಂದುವ ಮೂರನೆಯ ಕೀ ಇರುವ ಇನ್ನೊಬ್ಬರು ಅದೇ ಹೊತ್ತಿನಲ್ಲಿ ಬಂದು ಹೋಗಿರಬಹುದು. ನಾನು ಅಕ್ಕನಿಗೆ ಎರಡನ್ನೂ ಹೇಳಲಿಲ್ಲ. ಹೊಸ ಬೀಗ ಹಾಕಿಸಿದೆ.

ಕೀ ನನ್ನ ಕೈಯಲ್ಲಿದೆ ಎಂದ ಮಾತ್ರಕ್ಕೆ ಒಳಗೆ ಯಾರೂ ಇಲ್ಲ ಎಂದಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಈಗ ಆಟಿ ಇರಲಿ, ಬೇಸಗೆ ಇರಲಿ, ಖಾಲಿ ಮನೆಗೆ ಕೀ ಹಾಕುವ ಮೊದಲು ಒಮ್ಮೆ ಕೆಮ್ಮುತ್ತೇನೆ. ಒಳಗಿರುವವರು ಏಳುವಷ್ಟು ಹೊತ್ತು ಕಾಯುತ್ತೇನೆ.